ರಾಕ್ ರೇಡಿಯೊಗೆ ಯಾವ ಕಾಲದ ಹಾಡು? ದಾವಣಗೆರೆಯಲ್ಲಿ ಕುಳಿತು ಪಟ್ಟಿ ಮಾಡುವ ಬಗೆ

ಇಂಟರ್ನೆಟ್ ರೇಡಿಯೊ ಶುರು ಮಾಡುವುದು ಈಗ ದೊಡ್ಡ ಖರ್ಚಿನ ಕೆಲಸವಲ್ಲ. ಹಳೇ ಲ್ಯಾಪ್‌ಟಾಪ್, ಒಂದು ಮೈಕು, ತಿಂಗಳ ಬಾಡಿಗೆಯ ಸಣ್ಣ ಸರ್ವರ್, ಅಜುರಾಕಾಸ್ಟ್‌ನಂಥ ಉಚಿತ ಸಾಫ್ಟ್‌ವೇರ್ ಇದ್ದರೆ ದಾವಣಗೆರೆಯ ವಿದ್ಯಾನಗರದ ರೂಮಿನಿಂದಲೇ ಹಾಡು ಹರಿಸಬಹುದು. ಕಾಲೇಜಿನ ಸಮುದಾಯ ಬಾನುಲಿಯಲ್ಲಿ ವಾರಕ್ಕೊಂದು ಗಂಟೆ ಸಿಕ್ಕಿದರೂ ಆಯಿತು. ಕಷ್ಟ ಬರುವುದು ಹಾಡು ಆರಿಸಲು ಕುಳಿತಾಗ. ರಾಕ್ ಸಂಗೀತಕ್ಕೆ ಎಪ್ಪತ್ತು ವರ್ಷ ದಾಟಿದೆ. ಎಲ್ಲ ಕಾಲದಿಂದಲೂ ಒಂದೊಂದು ಹಾಡು ಹಾಕಿದರೆ ಎಲ್ಲರೂ ಕೇಳುತ್ತಾರೆ ಅಂತ ಅನ್ನಿಸುತ್ತದೆ. ಆಗುವುದೇ ಬೇರೆ. ತಮ್ಮದಲ್ಲದ ಹಾಡು ಎರಡು ಸಲ ಸಾಲಾಗಿ ಬಂದರೆ ಜನ ಎದ್ದು ಹೋಗುತ್ತಾರೆ.

ಅಮೆರಿಕ, ಬ್ರಿಟನ್ನಿನ ರಾಕ್ ಸ್ಟೇಷನ್ನುಗಳು ಈ ವಿಷಯದಲ್ಲಿ ಹತ್ತಾರು ವರ್ಷ ತಲೆ ಕೆಡಿಸಿಕೊಂಡಿವೆ. ಅವುಗಳ ವಿಧಾನ ಕಲಿಯೋಣ. ಅವುಗಳ ಪಟ್ಟಿಯನ್ನು ಮಾತ್ರ ನಕಲು ಮಾಡುವುದು ಬೇಡ. ಹಾಡು ಲಂಡನ್ನಿನಲ್ಲಿ ಬಿಡುಗಡೆಯಾದ ವರ್ಷಕ್ಕಿಂತ ಅದು ನಮ್ಮೂರಿಗೆ ಬಂದು ಮುಟ್ಟಿದ ವರ್ಷ ನಮಗೆ ಮುಖ್ಯ. ಈ ಲೇಖನ ಬರೆಯಲು ಕಾರಣವೇ ಅದು.

ಮೊದಲು ಕೇಳುಗರನ್ನು ಆರಿಸಿ, ಹಾಡು ಆಮೇಲೆ

‘ಕ್ಲಾಸಿಕ್ ರಾಕ್’ ಅನ್ನುವ ರೇಡಿಯೊ ಮಾದರಿ ಅಮೆರಿಕದಲ್ಲಿ ಗಟ್ಟಿಯಾಗಿದ್ದು 1980ರ ದಶಕದಲ್ಲಿ. ಹಾಡಿನ ವಿಡಿಯೊ ತೋರಿಸುವ ಟಿವಿ ಚಾನೆಲ್ ಎಂಟಿವಿ 1981ರಲ್ಲಿ ಶುರುವಾಗಿತ್ತು. ರಾಕ್ ಸ್ಟೇಷನ್ನುಗಳು ಹೊಸ ಹಾಡುಗಳ ಹಿಂದೆ ಬಿದ್ದಿದ್ದವು. ಆದರೆ 1960ರ ದಶಕದ ಕೊನೆಯಲ್ಲಿ, 1970ರ ದಶಕದಲ್ಲಿ ಹರೆಯದವರಾಗಿದ್ದ ಜನ ಆಗ ಕೆಲಸ, ಮನೆ, ಕಾರು ಅಂತ ನೆಲೆಯಾಗಿದ್ದರು. ಹೊಸ ಹಾಡು ಅವರಿಗೆ ಹಿಡಿಸುತ್ತಿರಲಿಲ್ಲ. ಅವರಿಗಾಗಿ ಅವರ ಕಾಲದ ರಾಕ್ ಮಾತ್ರ ಹಾಕೋಣ ಅಂತ ಕೆಲವು ಸ್ಟೇಷನ್ನುಗಳು ಹೊರಟವು. ಫ್ರೆಡ್ ಜೇಕಬ್ಸ್ ಎಂಬ ರೇಡಿಯೊ ಸಲಹೆಗಾರರು ದಶಕದ ಮಧ್ಯದಲ್ಲಿ ಈ ಮಾದರಿಯನ್ನು ಊರಿಂದ ಊರಿಗೆ ಹರಡಿದರು. ಹೆಸರಿನಲ್ಲಿ ‘ಕ್ಲಾಸಿಕ್’ ಇದ್ದರೂ ಆಗ ಆ ಹಾಡುಗಳಿಗೆ ಹತ್ತು, ಇಪ್ಪತ್ತು ವರ್ಷ ಅಷ್ಟೇ ಆಗಿತ್ತು. ಜಾಹೀರಾತು ಕೊಡುವವರು ಜಾಸ್ತಿ ಕೇಳುವುದು 25ರಿಂದ 54 ವರ್ಷದೊಳಗಿನ ಕೇಳುಗರನ್ನು. ಅಲ್ಲಿನ ಸ್ಟೇಷನ್ನು ಆ ವಯಸ್ಸಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಹಾಡಿನ ಕಾಲವನ್ನು ಗೊತ್ತು ಮಾಡುತ್ತದೆ. ಯಾವ ದಶಕದ ಸಂಗೀತ ಶ್ರೇಷ್ಠ ಅನ್ನುವ ಚರ್ಚೆ ಅಲ್ಲಿ ನಡೆಯುವುದೇ ಇಲ್ಲ.

ನಮ್ಮಲ್ಲಿ ರಾಕ್ ಕೇಳುವವರನ್ನು ನಾನು ಮೂರು ಗುಂಪಾಗಿ ನೋಡುತ್ತೇನೆ. ಈಗ ಹಾಸ್ಟೆಲಿನಲ್ಲಿ ಇರುವ ಎಂಜಿನಿಯರಿಂಗ್, ಮೆಡಿಕಲ್ ವಿದ್ಯಾರ್ಥಿಗಳು ಒಂದು. ಇಲ್ಲಿ ಓದಿ ಬೆಂಗಳೂರಿನಲ್ಲಿ ಕೆಲಸಕ್ಕಿರುವ, ಮೂವತ್ತರಿಂದ ನಲವತ್ತರ ಆಸುಪಾಸಿನವರು ಇನ್ನೊಂದು. ಇವರು ಊರಿನ ರೇಡಿಯೊ ಅಂದರೆ ಅಲ್ಲಿಂದಲೂ ಕೇಳುತ್ತಾರೆ. 1990ರ ದಶಕದಲ್ಲಿ ಇಲ್ಲಿಯೇ ಕಾಲೇಜು ಮುಗಿಸಿ ಈಗ ಅಂಗಡಿ, ಕ್ಲಿನಿಕ್ಕು, ಗುತ್ತಿಗೆ ಕೆಲಸ ನೋಡಿಕೊಳ್ಳುತ್ತಿರುವವರು ಮೂರನೆಯವರು. ಇದರಲ್ಲಿ ಒಂದೇ ಗುಂಪನ್ನು ಆರಿಸಿ. ಇನ್ನೊಂದು ಗುಂಪಿಗೆ ಬೇಕಾದರೆ ಬೇರೆ ದಿನ, ಬೇರೆ ಗಂಟೆ ಕೊಡಿ. ಬ್ರಿಟನ್ನಿನ ಆಬ್ಸಲ್ಯೂಟ್ ರೇಡಿಯೊ ಹೀಗೇ ಮಾಡಿತು. 2009ರಲ್ಲಿ ಎಂಬತ್ತರ ದಶಕಕ್ಕೇ ಅಂತ ಒಂದು ಸ್ಟೇಷನ್ನು ತೆರೆಯಿತು, ಆಮೇಲೆ ಅರವತ್ತು, ಎಪ್ಪತ್ತು, ತೊಂಬತ್ತಕ್ಕೂ ಒಂದೊಂದು ಮಾಡಿತು. ನಮಗೆ ಅಷ್ಟು ಸ್ಟೇಷನ್ನು ಬೇಡ, ವಾರದಲ್ಲಿ ಎರಡು ಬೇರೆ ಗಂಟೆ ಇದ್ದರೆ ಸಾಕು.

ವಯಸ್ಸಿನಿಂದ ವರ್ಷಕ್ಕೆ

ಲೆಕ್ಕ ಸುಲಭ. ಕೇಳುಗರ ಹುಟ್ಟಿದ ವರ್ಷಕ್ಕೆ 15 ಕೂಡಿಸಿ, 25 ಕೂಡಿಸಿ. ಆ ಎರಡು ವರ್ಷಗಳ ನಡುವಿನದು ಅವರ ಕಾಲ. 1978ರಲ್ಲಿ ಹುಟ್ಟಿದವರಿಗೆ 1993ರಿಂದ 2003. ಮಾರಿಸ್ ಹೋಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ ಎಂಬ ಸಂಶೋಧಕರು 1989ರಲ್ಲಿ ಇದರ ಬಗ್ಗೆ ಬರೆದಿದ್ದರು. ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ಕಾಲದ ಹಾಡಿನ ತುಣುಕು ಕೇಳಿಸಿ ನೋಡಿದಾಗ, ಜನ ತಮಗೆ ಸುಮಾರು 23, 24 ವರ್ಷ ಇದ್ದಾಗ ಜನಪ್ರಿಯವಾಗಿದ್ದ ಹಾಡುಗಳನ್ನೇ ಜಾಸ್ತಿ ಮೆಚ್ಚಿದ್ದರು. ನನ್ನ ಅನುಭವದಲ್ಲಿ ನಮ್ಮ ಕಡೆ ಅದು ಇನ್ನೂ ಸ್ವಲ್ಪ ಮೊದಲೇ, ಪಿಯುಸಿ ಮುಗಿಸಿ ಹಾಸ್ಟೆಲ್ ಸೇರುವ ವಯಸ್ಸಿಗೇ ಕೂತುಬಿಡುತ್ತದೆ. ಮನೆಯವರ ರೇಡಿಯೊ ಬಿಟ್ಟು ತನ್ನದೇ ಹಾಡು ಆರಿಸಿಕೊಳ್ಳುವ ಮೊದಲ ಅವಕಾಶ ಸಿಗುವುದು ಆಗಲೇ ಅಲ್ವಾ.

ಈಗ ಆ ಲೆಕ್ಕವನ್ನು ನಮ್ಮೂರಿಗೆ ಹೊಂದಿಸಿ

ಇದಕ್ಕೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ.

ಅಮೆರಿಕದ ಹುಡುಗನೊಬ್ಬ 1973ರ ಹಾಡನ್ನು 1973ರಲ್ಲೇ ಕಾರಿನ ರೇಡಿಯೊದಲ್ಲಿ ಕೇಳಿದ್ದ. ಆ ಹೊತ್ತಿಗೆ ನಮ್ಮ ಕಡೆ ಗಾಳಿಯಲ್ಲಿ ಇದ್ದದ್ದು ಆಕಾಶವಾಣಿ ಭದ್ರಾವತಿ, ವಿವಿಧ ಭಾರತಿ, ಶಾರ್ಟ್‌ವೇವಿನಲ್ಲಿ ಸಿಲೋನ್. ಅಲ್ಲಿ ಕನ್ನಡ, ಹಿಂದಿ ಚಿತ್ರಗೀತೆಗಳದ್ದೇ ಕಾರುಬಾರು. ಗಿಟಾರು ಗುಡುಗುವ ಇಂಗ್ಲಿಷ್ ಹಾಡು ದಾವಣಗೆರೆಯ ಹತ್ತಿ ಗಿರಣಿಯ ಬೀದಿಗೆ ಆಗ ಬರಲೇ ಇಲ್ಲ ಅಂದರೂ ತಪ್ಪಾಗದು. ಬೆಂಗಳೂರು, ಬೊಂಬಾಯಿಯಲ್ಲಿ ನೆಂಟರಿದ್ದ ಕೆಲವು ಮನೆಗಳಿಗೆ ರೆಕಾರ್ಡು ಬಂದಿರಬಹುದು, ಅಷ್ಟೇ.

ರಾಕ್ ಇಲ್ಲಿಗೆ ನಿಜವಾಗಿ ಕಾಲಿಟ್ಟದ್ದು ಕ್ಯಾಸೆಟ್ಟಿನ ಜೊತೆ. ಅದನ್ನು ತಂದವರು ಹಾಸ್ಟೆಲ್ಲಿನ ಹುಡುಗ ಹುಡುಗಿಯರು. ಇಲ್ಲಿನ ಬಿಡಿಟಿ ಎಂಜಿನಿಯರಿಂಗ್ ಕಾಲೇಜು 1951ರದು, ಜೆಜೆಎಂ ಮೆಡಿಕಲ್ 1965ರದು, ಬಾಪೂಜಿ ಎಂಜಿನಿಯರಿಂಗ್ 1979ರದು. ಹೊರ ಜಿಲ್ಲೆ, ಹೊರ ರಾಜ್ಯದಿಂದ ಓದಲು ಬಂದವರ ಟ್ರಂಕಿನಲ್ಲಿ ಕ್ಯಾಸೆಟ್ಟೂ ಬಂತು. ಒಬ್ಬರದು ಹತ್ತು ರೂಮಿಗೆ ನಕಲಾಯಿತು. ಖಾಲಿ ಕ್ಯಾಸೆಟ್ಟು 60 ಇಲ್ಲವೇ 90 ನಿಮಿಷದ್ದು. ತೊಂಬತ್ತರ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ 45 ನಿಮಿಷ. ಅಂದರೆ ಒಂದು ಮಗ್ಗುಲಿಗೆ ಒಂದು ಇಡೀ ಆಲ್ಬಂ ಹಿಡಿಯುತ್ತಿತ್ತು. ಹಾಗಾಗಿ ಒಂದೇ ಕ್ಯಾಸೆಟ್ಟಿನ ‘ಎ’ ಮಗ್ಗುಲಲ್ಲಿ 1973ರ ಪಿಂಕ್ ಫ್ಲಾಯ್ಡ್, ‘ಬಿ’ ಮಗ್ಗುಲಲ್ಲಿ 1991ರ ನಿರ್ವಾಣ ಇರುತ್ತಿತ್ತು. ತಿರುಗಿಸಿ ಹಾಕಿದರೆ ಹದಿನೆಂಟು ವರ್ಷ ದಾಟಿದ ಹಾಗೆ. ಕೇಳುವವನಿಗೆ ಆ ದೂರ ಗೊತ್ತೇ ಆಗುತ್ತಿರಲಿಲ್ಲ. ಎರಡೂ ಅವನಿಗೆ ಮೂರನೇ ಸೆಮಿಸ್ಟರಿನ ಹಾಡುಗಳೇ.

ಅಮೆರಿಕದಲ್ಲಿ ಈ ಎರಡು ಬ್ಯಾಂಡುಗಳು ಬಹಳ ವರ್ಷ ಬೇರೆ ಬೇರೆ ಸ್ಟೇಷನ್ನಿನಲ್ಲಿದ್ದವು. ಪಿಂಕ್ ಫ್ಲಾಯ್ಡ್ ಕ್ಲಾಸಿಕ್ ರಾಕಿನ ಪಾಲು, ನಿರ್ವಾಣ ‘ಆಲ್ಟರ್ನೇಟಿವ್’, ಅಂದರೆ ಮುಖ್ಯಧಾರೆಯಿಂದ ಆಚೆಗಿನ ರಾಕ್ ಹಾಕುವ ಸ್ಟೇಷನ್ನಿನ ಪಾಲು. ಬಿಲ್‌ಬೋರ್ಡ್ ಪತ್ರಿಕೆ ಕೂಡ ರಾಕ್ ಹಾಡುಗಳಿಗೆ 1981ರಲ್ಲಿ ಒಂದು ಪಟ್ಟಿ, ಆಲ್ಟರ್ನೇಟಿವ್ ಹಾಡುಗಳಿಗೆ 1988ರಲ್ಲಿ ಇನ್ನೊಂದು ಪಟ್ಟಿ ಶುರು ಮಾಡಿತ್ತು. ನಿರ್ವಾಣ ಕೇಳಿದವರಿಗೆ ವಯಸ್ಸಾದ ಮೇಲೆ ಅದೂ ಕ್ಲಾಸಿಕ್ ರಾಕಿಗೆ ಬಂದು ಸೇರಿತು. ದಾವಣಗೆರೆಯ ಕೇಳುಗರಿಗೆ ಆ ಗೋಡೆ ಇರಲೇ ಇಲ್ಲ. ಹೊರಗಿನ ಪಟ್ಟಿಯನ್ನು ಹಾಗೇ ತಂದರೆ ನಾವು ಇಲ್ಲದ ಗೋಡೆ ಕಟ್ಟಿದಂತೆ ಆಗುತ್ತದೆ.

ಆಮೇಲಿನ ಬಾಗಿಲುಗಳನ್ನೂ ಗುರುತು ಹಾಕಿಕೊಳ್ಳಿ. 1991ರಲ್ಲಿ ಸ್ಟಾರ್ ಟಿವಿಯ ಜೊತೆ ಎಂಟಿವಿ ಭಾರತಕ್ಕೆ ಬಂತು, 1994ರಲ್ಲಿ ಚಾನೆಲ್ ವಿ ಬಂತು. ಕೇಬಲ್ ಇದ್ದ ಮನೆಯವರಿಗೆ ಹಾಡಿನ ಜೊತೆ ಮುಖವೂ ಪರಿಚಯ. ಆಮೇಲೆ ಎಂಪಿ3 ಸಿಡಿಗಳ ಕಾಲ. ಒಂದು 700 ಎಂಬಿಯ ಸಿಡಿಯಲ್ಲಿ ನೂರೈವತ್ತು ಹಾಡು ಕೂರುತ್ತಿದ್ದವು. ಒಂದು ಬ್ಯಾಂಡಿನ ಹುಟ್ಟಿನಿಂದ ಕೊನೆಯವರೆಗಿನ ಎಲ್ಲ ಆಲ್ಬಂ ಒಂದೇ ತಟ್ಟೆಯಲ್ಲಿ. ಈ ಕಾಲದವರಿಗೆ ಹಿಟ್ ಅಲ್ಲದ ಹಾಡುಗಳೂ ಬಾಯಿಪಾಠ. ಅವರಿಗೆ ಪಟ್ಟಿ ಮಾಡುವಾಗ ಇದನ್ನು ನೆನಪಿಡಿ, ಬರೀ ಪ್ರಸಿದ್ಧ ಹಾಡು ಹಾಕಿದರೆ ಅವರಿಗೆ ಬೇಗ ಬೇಜಾರಾಗುತ್ತದೆ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಯಿತು, ಎಲ್ಲ ಕಾಲವೂ ಒಟ್ಟಿಗೆ ಫೋನಿಗೆ ಬಂತು. ಈಗಿನ ಹತ್ತೊಂಬತ್ತರ ಹುಡುಗಿಗೆ ಹಾಡಿನ ವರ್ಷ ಏನೂ ಹೇಳುವುದಿಲ್ಲ. ಕೇಟ್ ಬುಷ್ ಅವರ 1985ರ ಹಾಡೊಂದು 2022ರಲ್ಲಿ ಒಂದು ವೆಬ್ ಸರಣಿಯಲ್ಲಿ ಬಂದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಆ ಸರಣಿ ನೋಡಿದ ಹಾಸ್ಟೆಲ್ಲಿನವರಿಗೆ ಅದು 2022ರ ಹಾಡು. ನಿಮ್ಮ ಪಟ್ಟಿಯಲ್ಲೂ ಹಾಗೇ ಬರೆಯಿರಿ.

ಕೆಲಸ ಹೀಗೆ ಮಾಡಿ. ಎಕ್ಸೆಲ್ ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ: ಹಾಡು, ಬಿಡುಗಡೆಯಾದ ವರ್ಷ, ನಮ್ಮೂರಿಗೆ ಬಂದ ವರ್ಷ, ಬಂದ ದಾರಿ. ಮೂರನೆಯ ಕಾಲಂ ತುಂಬಲು ಇಂಟರ್ನೆಟ್ ಸಹಾಯ ಮಾಡುವುದಿಲ್ಲ. ಜನರನ್ನೇ ಕೇಳಬೇಕು. ಹಿಂದೆ ಕ್ಯಾಸೆಟ್ ಅಂಗಡಿ ಇಟ್ಟಿದ್ದವರು, ಹಳೇ ಹಾಸ್ಟೆಲ್ ವಾಸಿಗಳು, ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದವರು ಇದಕ್ಕೆ ಒಳ್ಳೆಯ ಮೂಲ. “ಅಣ್ಣಾ, ಈ ಹಾಡು ಮೊದಲು ಎಲ್ಲಿ ಕೇಳಿದ್ರಿ? ಯಾರ ಹತ್ರ ಇತ್ತು?” ಅಂತ ಕೇಳಿ. “ಯಾವಾಗ” ಅಂತ ಶುರು ಮಾಡಿದರೆ ಜನ ತಡವರಿಸುತ್ತಾರೆ. “ಎಲ್ಲಿ” ಅಂದರೆ ಜಾಗ, ರೂಮು, ಗೆಳೆಯನ ಹೆಸರು ಎಲ್ಲ ಬರುತ್ತದೆ, ಅದರ ಹಿಂದೆ ವರ್ಷವೂ ಬರುತ್ತದೆ. ಮನೆಯ ಅಟ್ಟದಲ್ಲಿ ಹಳೇ ಕ್ಯಾಸೆಟ್ಟು ಇದ್ದರೆ ಅದರ ಕಾರ್ಡಿನ ಮೇಲಿನ ಕೈಬರಹ ನೋಡಿ. ಎಷ್ಟೋ ಜನ ತಾರೀಕು ಬರೆದಿಡುತ್ತಿದ್ದರು.

ಹಾಳೆ ತುಂಬಿದ ಮೇಲೆ ಅದನ್ನು ಮೂರನೆಯ ಕಾಲಂ ಪ್ರಕಾರ ಜೋಡಿಸಿ. ಎರಡನೆಯದರ ಪ್ರಕಾರ ಅಲ್ಲ. 1993ರಿಂದ 2003ರ ನಡುವೆ ಬಂದ ಹಾಡುಗಳನ್ನು ಬೇರ್ಪಡಿಸಿದರೆ ಅದರಲ್ಲಿ 1970ರ ಹಾಡೂ ಇರುತ್ತದೆ, 1999ರ ಹಾಡೂ ಇರುತ್ತದೆ. ಅದೇ ನಿಮ್ಮ ಮುಖ್ಯ ಕಾಲ.

ಕನ್ನಡ ಎಲ್ಲಿ ಕೂರಬೇಕು

ರಾಕ್ ಗಂಟೆಯಲ್ಲಿ ಕನ್ನಡಕ್ಕೆ ಅಂತ ಕೊನೆಯ ಐದು ನಿಮಿಷ ಬಿಡುವವರಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. ಕನ್ನಡದ ಹಾಡು ಮುಖ್ಯ ಕಾಲದ ಹಾಡುಗಳ ನಡುವೆಯೇ ಬರಬೇಕು, ಪೀಠಿಕೆ ಇಲ್ಲದೆ ಬರಬೇಕು.

ಶಿಶುನಾಳ ಷರೀಫರ ಪದಗಳನ್ನೇ ತೆಗೆದುಕೊಳ್ಳಿ. ಶಿಶುನಾಳ ನಮ್ಮ ಪಕ್ಕದ ಹಾವೇರಿ ಜಿಲ್ಲೆಯದು. ನಮ್ಮ ಕಡೆ ಅಜ್ಜ ಅಜ್ಜಿಯರು ಆ ಪದಗಳನ್ನು ಭಜನೆಯಲ್ಲಿ ಕೇಳಿದವರು. ಅಪ್ಪ ಅಮ್ಮಂದಿರು ಸಿ. ಅಶ್ವತ್ಥ್ ಅವರ ದನಿಯಲ್ಲಿ ಕ್ಯಾಸೆಟ್ಟಿನಲ್ಲಿ ಕೇಳಿದರು. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಗಿಟಾರು, ಡ್ರಮ್ಮಿನ ಜೊತೆ ಹಾಡಿದ ಮೇಲೆ ಮಕ್ಕಳು ಕಾಲೇಜು ಫೆಸ್ಟಿನಲ್ಲಿ ಕುಣಿದರು. ಬಿಡುಗಡೆಯ ವರ್ಷ 2008 ಆದರೂ ಆ ಹಾಡು ಮೂರು ಕಾಲದವರಿಗೂ ಪರಿಚಯದ್ದು. ಇಂಥ ಹಾಡು ಕೈಯಲ್ಲಿದ್ದರೆ ಹಳೆಯ ಕಾಲದಿಂದ ಹೊಸ ಕಾಲಕ್ಕೆ ಹೋಗುವ ಕಡೆ ಅದನ್ನು ಇಡಿ. ಕೇಳುಗರು ಜೊತೆಯಲ್ಲೇ ಬರುತ್ತಾರೆ. ಸ್ವರಾತ್ಮದಂಥ ಬೆಂಗಳೂರಿನ ಬ್ಯಾಂಡುಗಳ ಕನ್ನಡ ಹಾಡುಗಳನ್ನೂ ಹೀಗೇ ಬಳಸಬಹುದು.

ಚಿತ್ರಗೀತೆಯಲ್ಲಿ ಗಿಟಾರು ಇದ್ದ ಮಾತ್ರಕ್ಕೆ ಅದನ್ನು ರಾಕ್ ಗಂಟೆಗೆ ಎಳೆದು ತರಬೇಡಿ. ಅದಕ್ಕೆ ಬೇರೆ ಸ್ಟೇಷನ್ನುಗಳು ಬೇಕಾದಷ್ಟಿವೆ.

ತುಣುಕು ಕೇಳಿಸಿ ಪರೀಕ್ಷೆ ಮಾಡಿ

ದೊಡ್ಡ ಸ್ಟೇಷನ್ನುಗಳು ಒಂದು ಹಾಲಿನಲ್ಲಿ ಜನರನ್ನು ಕೂರಿಸಿ ನೂರಾರು ಹಾಡುಗಳ ತುಣುಕು ಕೇಳಿಸುತ್ತವೆ. ಒಂದೊಂದು ತುಣುಕು ಏಳರಿಂದ ಹತ್ತು ಸೆಕೆಂಡು, ಹಾಡಿನ ಎಲ್ಲರಿಗೂ ನೆನಪಿರುವ ಜಾಗ. ಕೇಳಿದವರು ಅಂಕ ಕೊಡುತ್ತಾರೆ. ಫೋನಿನಲ್ಲೂ ಇದೇ ಪರೀಕ್ಷೆ ನಡೆಯುತ್ತದೆ. ಒಂದೊಂದು ಕಾಲಕ್ಕೆ ಎಷ್ಟು ಪಾಲು ಅನ್ನುವುದು ಗೊತ್ತಾಗುವುದು ಇಲ್ಲಿಯೇ.

ನಾವು ಇದನ್ನು ಚಿಕ್ಕದಾಗಿ ಮಾಡಬಹುದು. ಮೂವತ್ತು ಹಾಡು ಸಾಕು. ಫೋನಿನಲ್ಲಿ ತುಣುಕು ಕತ್ತರಿಸಿ ಒಂದರ ಹಿಂದೆ ಒಂದು ಜೋಡಿಸಿ. ಮೂರು ಪ್ರಶ್ನೆ ಕೇಳಿ: ಈ ಹಾಡು ಗೊತ್ತಾ? ಇಷ್ಟಾನಾ? ಕೇಳಿ ಕೇಳಿ ಸಾಕಾಗಿದೆಯಾ? ಮೂರನೆಯದನ್ನು ಬಿಡಬೇಡಿ. ಇಷ್ಟದ ಹಾಡೇ ಜಾಸ್ತಿಯಾಗಿ ಸಾಕಾಗಿರುತ್ತದೆ, ಬರೀ ಇಷ್ಟ ಕೇಳಿದರೆ ಅದು ಹೊರಬರುವುದಿಲ್ಲ. ಹಾಡಿನ ಹೆಸರು, ವರ್ಷ ಮೊದಲೇ ಹೇಳಬೇಡಿ. ಹೇಳಿದರೆ ಜನ ಹೆಸರಿಗೆ ಅಂಕ ಕೊಡುತ್ತಾರೆ.

ಜಾಗವೂ ಮುಖ್ಯ. ಕುಂದುವಾಡ ಕೆರೆಯ ಹತ್ತಿರ ಸಂಜೆ ವಾಕಿಂಗಿಗೆ ಬರುವವರ ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ, ಕೈಯಲ್ಲಿ ಸಮಯವೂ ಇರುತ್ತದೆ. ಹಾಸ್ಟೆಲ್ ಮೆಸ್ಸಿನಲ್ಲಿ ಊಟದ ನಂತರ ಕೇಳಬಹುದು. ಮಂಡಕ್ಕಿ ಮಿರ್ಚಿ ಅಂಗಡಿಯ ಮುಂದೆ ಗುಂಪಿನಲ್ಲಿ ಕೇಳಿದರೆ ಮಾತ್ರ ಪ್ರಯೋಜನವಿಲ್ಲ, ಒಬ್ಬ ‘ಸೂಪರ್’ ಅಂದರೆ ಎಲ್ಲರೂ ಅದನ್ನೇ ಅನ್ನುತ್ತಾರೆ. ಒಬ್ಬೊಬ್ಬರನ್ನೇ ಕೇಳಿ. ವಯಸ್ಸಿನ ಪ್ರಕಾರ ಹಾಳೆ ಬೇರೆ ಇರಲಿ, ಎಲ್ಲ ಸೇರಿಸಿ ಸರಾಸರಿ ತೆಗೆದರೆ ಯಾರಿಗೂ ಬೇಡದ ಪಟ್ಟಿ ತಯಾರಾಗುತ್ತದೆ. ಹೆಂಗಸರ ಉತ್ತರ ಅರ್ಧದಷ್ಟಾದರೂ ಇರಬೇಕು. ರಾಕ್ ಅಂದರೆ ಹುಡುಗರದ್ದು ಅಂತ ಅಂದುಕೊಂಡು ಎಷ್ಟೋ ಸ್ಟೇಷನ್ನುಗಳು ಅರ್ಧ ಊರನ್ನೇ ಬಿಟ್ಟುಬಿಟ್ಟಿವೆ.

ಒಂದು ಗಂಟೆಯ ಗಡಿಯಾರ

ಮಾತು, ಪ್ರಕಟಣೆ ಬಿಟ್ಟರೆ ಗಂಟೆಯಲ್ಲಿ ಐವತ್ತು ನಿಮಿಷ ಹಾಡಿಗೆ ಸಿಗುತ್ತದೆ. ಒಂದಕ್ಕೆ ನಾಲ್ಕೂವರೆ ನಿಮಿಷ ಅಂದರೆ ಹನ್ನೊಂದು ಹಾಡು. ಏಳು ಮುಖ್ಯ ಕಾಲದವು, ಅದರಲ್ಲಿ ಕನ್ನಡವೂ ಸೇರಿ. ಎರಡು ಅದಕ್ಕಿಂತ ಮೊದಲು ಬಂದವು, ಎರಡು ಈಚೆಗೆ ಬಂದವು. ಶುರುವಿನ ಹಾಡು, ಕೊನೆಯ ಹಾಡು ಎರಡೂ ಮುಖ್ಯ ಕಾಲದವೇ ಆಗಿರಲಿ. ಗೊತ್ತಿಲ್ಲದ ಹಾಡು ಎರಡು ಸಾಲಾಗಿ ಬರಬಾರದು. ಒಂದು ಬ್ಯಾಂಡ್ ಗಂಟೆಯಲ್ಲಿ ಎರಡು ಸಲ ಬರಬಾರದು. ಅಜುರಾಕಾಸ್ಟಿನಲ್ಲಿ ಇದಕ್ಕೆ ಸೆಟ್ಟಿಂಗ್ ಇದೆ. ಎಪ್ಪತ್ತರ ದಶಕದ ಎಂಟು, ಹತ್ತು ನಿಮಿಷದ ಹಾಡುಗಳನ್ನು ರಾತ್ರಿ ಒಂಬತ್ತರ ನಂತರಕ್ಕೆ ಇಡಿ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವವರಿಗೆ ಅಷ್ಟು ಉದ್ದದ್ದು ಕೇಳಲು ಪುರುಸೊತ್ತಿಲ್ಲ.

ಕಾಲ ಬೆರೆಸುವಾಗ ಸದ್ದಿನ ಮಟ್ಟವನ್ನು ಸರಿ ಮಾಡಲೇಬೇಕು. ಎಪ್ಪತ್ತರ ದಶಕದ ರೆಕಾರ್ಡಿಂಗಿನಲ್ಲಿ ಮೆಲ್ಲನೆಯ ಭಾಗ, ಜೋರಿನ ಭಾಗ ಎರಡೂ ಇರುತ್ತವೆ. ತೊಂಬತ್ತರ ದಶಕದ ಮಧ್ಯದಿಂದ ಸಿಡಿಗಳನ್ನು ಒಂದೇ ಸಮನೆ ಜೋರಾಗಿ ಮಾಡುವ ಪೈಪೋಟಿ ಹೆಚ್ಚಾಯಿತು. 1975ರ ಹಾಡಿನ ಹಿಂದೆಯೇ 2005ರ ಹಾಡು ಬಂದರೆ ಇಯರ್‌ಫೋನ್ ಹಾಕಿದವರು ಬೆಚ್ಚಿಬೀಳುತ್ತಾರೆ. ಎಲ್ಲ ಫೈಲುಗಳಿಗೂ ಸದ್ದಿನ ಮಟ್ಟ ಅಳೆದು ಗುರುತು ಹಾಕುವ ರಿಪ್ಲೇಗೇನ್ ಹಾಕಿಸಿ, ಸದ್ದು ಒಂದೇ ಮಟ್ಟಕ್ಕೆ ಬರುತ್ತದೆ. ಎಷ್ಟೋ ಸಲ ‘ಹಳೇ ಹಾಡು ಬೋರು’ ಅನ್ನುವ ದೂರು ಬರೀ ಸದ್ದು ಕಮ್ಮಿಯಾಗಿದ್ದಕ್ಕೆ ಬಂದಿರುತ್ತದೆ.

ಪರವಾನಗಿ

ಸುಮ್ನೆ ಹಾಡು ಹಾಕಿಬಿಡುವಂತಿಲ್ಲ. ಸಾಹಿತ್ಯ, ರಾಗಸಂಯೋಜನೆಯ ಹಕ್ಕಿಗೆ ಐಪಿಆರ್‌ಎಸ್ ಸಂಸ್ಥೆ, ರೆಕಾರ್ಡಿಂಗಿನ ಹಕ್ಕಿಗೆ ಪಿಪಿಎಲ್ ಸಂಸ್ಥೆ ಅಥವಾ ಆಯಾ ಹಾಡಿನ ಕಂಪನಿ, ಇವರ ಹತ್ತಿರ ಪರವಾನಗಿ ಪಡೆಯಬೇಕು. ಭಾರತದ ಕಾನೂನಿನಲ್ಲಿ ರೆಕಾರ್ಡಿಂಗಿನ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ರಾಕ್‌ನ ಬಹುಪಾಲು ಇನ್ನೂ ಅದರೊಳಗೇ ಇದೆ. ಹಳೇ ರೆಕಾರ್ಡಿಂಗಿನ ಅವಧಿ ಮುಗಿದಿದ್ದರೂ ಬರೆದವರ ಹಕ್ಕು ಅವರ ಜೀವಿತಾವಧಿಯ ನಂತರವೂ 60 ವರ್ಷ ನಡೆಯುತ್ತದೆ. ಸ್ಥಳೀಯ ಬ್ಯಾಂಡಿನ ಹಾಡಾದರೆ ಅವರಿಂದಲೇ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಕಾಲವನ್ನು ಮುಂದಕ್ಕೆ ಸರಿಸುವುದು

ಪಟ್ಟಿ ಒಂದು ಸಲ ಮಾಡಿ ಬಿಟ್ಟರೆ ಹಳತಾಗುತ್ತದೆ. ಸರಿಸಲೇಬೇಕು. ಸರಿಸುವುದನ್ನು ಒರಟಾಗಿ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ನ್ಯೂಯಾರ್ಕಿನ ಡಬ್ಲ್ಯುಸಿಬಿಎಸ್ ಎಫ್‌ಎಂ ಉದಾಹರಣೆ. 1972ರಿಂದ ಅದು ಹಳೇ ಹಿಟ್ ಹಾಡುಗಳ ಸ್ಟೇಷನ್ನು. 2005ರ ಜೂನ್ 3ರಂದು ಇದ್ದಕ್ಕಿದ್ದಂತೆ ಅದೆಲ್ಲ ನಿಲ್ಲಿಸಿ, ನಿರೂಪಕರನ್ನೂ ಕೈಬಿಟ್ಟು, ‘ಜ್ಯಾಕ್’ ಎಂಬ ಎಲ್ಲ ಕಾಲದ ಬೆರಕೆ ಮಾದರಿಗೆ ಹೋಯಿತು. ಕೇಳುಗರು ಸಿಟ್ಟಾದರು, ದೂರಾದರು. 2007ರ ಜುಲೈನಲ್ಲಿ ಹಳೇ ಹಾಡು ಮರಳಿ ಬಂದವು. ಆದರೆ ಬಂದದ್ದು ಅದೇ ಪಟ್ಟಿಯಲ್ಲ. ಐವತ್ತರ ದಶಕದ ಹಾಡು ಬಹಳ ಕಮ್ಮಿಯಾಗಿ, ಎಂಬತ್ತರ ದಶಕದವು ಸೇರಿಕೊಂಡಿದ್ದವು. ಕಾಲ ಸರಿಯಿತು, ಕೇಳುಗರು ಉಳಿದರು.

ಬ್ರಿಟನ್ನಿನಲ್ಲಿ ಇದು ಕೋರ್ಟಿಗೂ ಹೋಗಿದೆ. 1996ರಲ್ಲಿ ಸ್ಟೇಟಸ್ ಕ್ವೋ ಎಂಬ ಹಳೇ ರಾಕ್ ಬ್ಯಾಂಡ್ ತನ್ನ ಹೊಸ ಹಾಡನ್ನು ಬಿಬಿಸಿ ರೇಡಿಯೊ 1 ಪಟ್ಟಿಗೆ ಸೇರಿಸಲಿಲ್ಲ ಅಂತ ದಾವೆ ಹೂಡಿ ಸೋತಿತು. ಆ ಸ್ಟೇಷನ್ನು ಆಗ ಎಳೆಯ ಕೇಳುಗರ ಕಡೆ ತಿರುಗಿತ್ತು. ಬ್ಯಾಂಡಿನ ನೋವು ನನಗೆ ಅರ್ಥವಾಗುತ್ತದೆ. ಆದರೂ ಪಟ್ಟಿ ಮಾಡುವವರು ಕೇಳುಗರ ಪರ ನಿಲ್ಲಬೇಕು.

ವರ್ಷಕ್ಕೆ ಒಂದು ಸಲ, ಕಾಲೇಜು ಹೊಸ ವರ್ಷ ಶುರುವಾಗುವ ಹೊತ್ತಿಗೆ ತುಣುಕು ಪರೀಕ್ಷೆ ಮತ್ತೆ ಮಾಡಿ. ಹಾಸ್ಟೆಲಿಗೆ ಬೇರೆ ಮಕ್ಕಳು ಬಂದಿರುತ್ತಾರೆ. ಹತ್ತರಲ್ಲಿ ಒಂದು ಹಾಡು ಬದಲಾದರೆ ಸಾಕು. ‘ಗೊತ್ತಿಲ್ಲ’ ಜಾಸ್ತಿ ಬಂದ ಹಳೇ ಹಾಡಿಗಿಂತ ‘ಸಾಕಾಗಿದೆ’ ಜಾಸ್ತಿ ಬಂದ ಹಾಡನ್ನು ಮೊದಲು ತೆಗೆಯಿರಿ. ತೆಗೆದದ್ದನ್ನು ಅಳಿಸಬೇಡಿ, ‘ವಿಶ್ರಾಂತಿ’ ಅಂತ ಒಂದು ಫೋಲ್ಡರ್ ಮಾಡಿ ಅದರಲ್ಲಿ ಇಡಿ. ಸಾಕಾಗಿದ್ದ ಹಾಡಿಗೆ ಒಂದು ವರ್ಷದ ಬಿಡುವು ಕೊಟ್ಟು ಮುಂದಿನ ಪರೀಕ್ಷೆಯ ಮೂವತ್ತರಲ್ಲಿ ಮತ್ತೆ ಸೇರಿಸಿ ನೋಡಿ, ಹೆಚ್ಚಿನವು ವಾಪಸು ಬರುತ್ತವೆ.